ಕ್ಯೂಶು ರಾಷ್ಟ್ರೀಯ ಮ್ಯೂಸಿಯಂ, ದಜೈಫು: ನಾಲ್ಕನೇ ಮಹಡಿಗೆ ಅರ್ಧ ದಿನ ಇಟ್ಟುಕೊಳ್ಳಿ

ಗದ್ದೆ ಬೇಸಾಯ, ಕಬ್ಬಿಣ, ಕುದುರೆ, ಲಿಪಿ, ಬೌದ್ಧಧರ್ಮ. ಪ್ರಾಚೀನ ಜಪಾನನ್ನು ಕಟ್ಟಿದ ಇವೆಲ್ಲ ಕೊರಿಯಾ ಪರ್ಯಾಯದ್ವೀಪದಿಂದಲೋ, ಅದರ ಮೂಲಕ ಚೀನಾದಿಂದಲೋ ಸಮುದ್ರ ದಾಟಿ ಬಂದವು. ಆ ಸಮುದ್ರಕ್ಕೆ ಅತಿ ಹತ್ತಿರದ ದಡ ಉತ್ತರ ಕ್ಯೂಶು. 2005ರ ಅಕ್ಟೋಬರಿನಲ್ಲಿ ಇಲ್ಲಿ ತೆರೆದ ಈ ಮ್ಯೂಸಿಯಂ, ಏಷ್ಯಾದ ಇತಿಹಾಸದ ಕಡೆಯಿಂದ ಜಪಾನನ್ನು ನೋಡುವುದನ್ನೇ ತನ್ನ ಉದ್ದೇಶವಾಗಿ ಇಟ್ಟುಕೊಂಡಿದೆ. ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಜಪಾನಿನಲ್ಲಿ ಇಲ್ಲ ಎಂಬುದು ನಮ್ಮ ಅಭಿಪ್ರಾಯ.

ಫುಕುವೋಕಾದ ತೆಂಜಿನ್‌ನಿಂದ ನಿಶಿತೆತ್ಸು ರೈಲು ಹಿಡಿದು ಫುತ್ಸುಕಾಯಿಚಿಯಲ್ಲಿ ಬದಲಿಸಿದರೆ ದಜೈಫು ನಿಲ್ದಾಣ. ಅಲ್ಲಿಂದ ತೆನ್ಮಾಂಗು ದೇಗುಲದ ಆವರಣ ಹಾದು ಹತ್ತು ನಿಮಿಷ ನಡೆಯಬೇಕು. ಗುಡ್ಡ ಹತ್ತುವ ಕಷ್ಟವಿಲ್ಲ, ಎಸ್ಕಲೇಟರ್ ಮತ್ತು ಸುರಂಗದೊಳಗಿನ ಚಲಿಸುವ ಹಾದಿ ನೇರ ಬಾಗಿಲಿಗೆ ಮುಟ್ಟಿಸುತ್ತವೆ. ಬೆಳಿಗ್ಗೆ 9.30ರಿಂದ ಸಂಜೆ 5, ಪ್ರವೇಶ 4.30ರವರೆಗೆ, ಸೋಮವಾರ ರಜೆ. ನಾಲ್ಕನೇ ಮಹಡಿಯ ಕಾಯಂ ಪ್ರದರ್ಶನಕ್ಕೆ 700 ಯೆನ್. 18 ತುಂಬದವರಿಗೂ 70 ಆದವರಿಗೂ ಉಚಿತ. ಮೂರನೇ ಮಹಡಿಯ ವಿಶೇಷ ಪ್ರದರ್ಶನದ ಟಿಕೆಟ್ ಕೊಂಡರೆ ನಾಲ್ಕನೆಯದೂ ಅದರಲ್ಲೇ ಸೇರಿರುತ್ತದೆ. ಹಾಗೆ ಕೊಂಡವರು ಮೊದಲು ನಾಲ್ಕಕ್ಕೇ ಹತ್ತುವುದು ಮೇಲು. ಮೂರರಲ್ಲಿ ದಣಿದ ಕಾಲು ಮೇಲೆ ಬಂದಾಗ ಮಡಕೆ ಚೂರುಗಳ ಮುಂದೆ ನಿಲ್ಲುವುದಿಲ್ಲ.

ನಾಲ್ಕನೇ ಮಹಡಿಯಲ್ಲಿ ನಡುವೆ ದೊಡ್ಡ ಸಭಾಂಗಣ, ಸುತ್ತ ಚಿಕ್ಕ ಕೋಣೆಗಳು. ಹೀಗೇ ಹೋಗಬೇಕೆಂಬ ದಾರಿ ಇಲ್ಲ. ವಿಷಯ ಗೊತ್ತಿದ್ದವರಿಗೆ ಇದೇ ಸುಖ, ಹೊಸಬರಿಗೆ ಇದೇ ತೊಡಕು: ಯಾಯೋಯಿ ಕಾಲದ (ಜಪಾನಿನಲ್ಲಿ ಭತ್ತದ ಬೇಸಾಯ ಬೇರೂರಿದ ಪ್ರಾಚೀನ ಕಾಲ) ಕಂಚಿನಿಂದ ಹೊರಟು ಎರಡೇ ತಿರುವಿಗೆ ಪಿಂಗಾಣಿ ವ್ಯಾಪಾರದ ಕಾಲಕ್ಕೆ ಬಂದುಬಿಡುತ್ತಾರೆ. ಪ್ರಾಚೀನ ಕಾಲಕ್ಕಾಗಿ ಬಂದವರು ಭತ್ತದ ಬೇಸಾಯದಿಂದ ರಾಜ್ಯ ಕಟ್ಟುವವರೆಗಿನ ಎರಡನೇ ಭಾಗವನ್ನೂ, ತಾಂಗ್ ಚೀನಾಕ್ಕೆ ರಾಯಭಾರಿಗಳು ಹೋದ ಕಾಲದ ಮೂರನೇ ಭಾಗವನ್ನೂ ಮೊದಲು ಮುಗಿಸಿಕೊಳ್ಳಬೇಕು. ವಸ್ತುಗಳು ಆಗಾಗ ಬದಲಾಗುತ್ತವೆ. ಒಂದೇ ವಸ್ತುವಿಗಾಗಿ ಬರುವವರು ಆ ತಿಂಗಳ ಪಟ್ಟಿ ನೋಡಿಕೊಂಡೇ ಹೊರಡಲಿ.

ಚಿನ್ನದ ಹೊಳಪಿಗಿಂತ ಮಡಕೆಗೆ ಹೆಚ್ಚು ಹೊತ್ತು ಕೊಡಿ. ಪ್ರಾಚೀನ ಜಪಾನಿನ ಎರಡು ಬಗೆ ಇಲ್ಲಿ ಮುಖ್ಯ, ಹಾಜಿ ಮತ್ತು ಸುಯೆ. ಹಾಜಿ ಮಡಕೆ ಕೆಂಪಗಿರುತ್ತದೆ. ಬಯಲಿನಲ್ಲಿ, ಕಡಿಮೆ ಶಾಖದಲ್ಲಿ ಸುಟ್ಟದ್ದು. ಗಾಳಿ ಆಡಿದ್ದರಿಂದ ಮಣ್ಣಿನ ಕಬ್ಬಿಣ ಕೆಂಪಾಗಿದೆ, ನೀರೂ ಜಿನುಗುತ್ತದೆ. ಸುಯೆ ಮಡಕೆ ಬೂದು ಬಣ್ಣದ್ದು, ತಟ್ಟಿದರೆ ಲೋಹದಂತೆ ಕಣಕಣ ಎನ್ನುವಷ್ಟು ಗಟ್ಟಿ. ಇದಕ್ಕೆ ತಿಗರಿ ಬೇಕು, ಇಳಿಜಾರಿನಲ್ಲಿ ಕೊರೆದ ಸುರಂಗದಂಥ ಆವಿಗೆ ಬೇಕು, 1,000 ಡಿಗ್ರಿ ಮೀರಿದ ಶಾಖ ಬೇಕು, ಕೊನೆಗೆ ಗಾಳಿ ಹೋಗದಂತೆ ಆವಿಗೆಯ ಬಾಯಿ ಮುಚ್ಚುವ ಹದವೂ ಗೊತ್ತಿರಬೇಕು. ಹೊತ್ತಿಗೆ ಸರಿಯಾಗಿ ಮುಚ್ಚದಿದ್ದರೆ ಬೂದು ಬಣ್ಣ ಬರದು. ಶಾಖ ಅತಿಯಾದರೆ ಪಾತ್ರೆ ಸೊಟ್ಟಗಾಗಿ ಪಕ್ಕದ್ದಕ್ಕೆ ಅಂಟುತ್ತದೆ. ಇದು ನೋಡಿ ಕಲಿಯುವ ಕೆಲಸವಲ್ಲ, ಕೈಯಿಂದ ಕೈಗೆ ಬರುವಂಥದ್ದು. 5ನೇ ಶತಮಾನದ ಹೊತ್ತಿಗೆ ಕೊರಿಯಾ ಪರ್ಯಾಯದ್ವೀಪದ ದಕ್ಷಿಣದ ಗಾಯಾ ನಾಡಿನ ಕಡೆಯಿಂದ ಕುಂಬಾರರೇ ಬಂದು ನೆಲೆಸಿದ್ದರು ಎನ್ನಲು ಈ ಬೂದು ಮಡಕೆಗಿಂತ ಬೇರೆ ಸಾಕ್ಷಿ ಬೇಡ. ಗಾಜಿನ ಪಕ್ಕಕ್ಕೆ ಬಾಗಿ ಭುಜದ ಭಾಗ ನೋಡಿ: ಕೆಲವದರ ಮೇಲೆ ಹಾರಿದ ಬೂದಿ ಕರಗಿ ಹಸಿರು ಛಾಯೆಯ ಗಾಜಾಗಿ ಇಳಿದಿರುತ್ತದೆ.

ಬಂದದ್ದೆಲ್ಲ ಬಂದ ಹಾಗೇ ಉಳಿಯಲಿಲ್ಲ. ಕೊರಿಯಾದಲ್ಲಿ ಅಂಗೈ ಅಳತೆಯ ನಾದದ ಗಂಟೆ, ಜಪಾನಿಗೆ ಬಂದು ದೋತಾಕು ಎಂಬ ಕಂಚಿನ ಗಂಟೆ ಆಯಿತು. ಬೆಳೆಯುತ್ತ 1 ಮೀಟರ್ ದಾಟಿ, ಬಾರಿಸುವ ವಸ್ತು ನೋಡುವ ವಸ್ತುವಾಯಿತು. ದೋತಾಕು ಪ್ರದರ್ಶನದಲ್ಲಿದ್ದ ದಿನ ಒಳ ಅಂಚನ್ನು ಗಮನಿಸಿ, ನಾಲಿಗೆ ಬಡಿದ ಸವೆತ ಇರುವುದು ಹಳೆಯ ಚಿಕ್ಕ ಗಂಟೆಗಳಲ್ಲಿ.

ಒಂದು ನಿರಾಸೆ ಮೊದಲೇ ತಿಳಿದಿರಲಿ. ಕ್ರಿ.ಶ. 57ರಲ್ಲಿ ಚೀನಾದ ಹಾನ್ ಚಕ್ರವರ್ತಿ ಕೊಟ್ಟದ್ದೆಂದು ಗುರುತಿಸಲಾದ, 1784ರಲ್ಲಿ ಶಿಕಾನೋಶಿಮಾದಲ್ಲಿ ಸಿಕ್ಕ ಚಿನ್ನದ ಮುದ್ರೆಯ ಅಸಲು ಇರುವುದು ಇಲ್ಲಲ್ಲ, ಫುಕುವೋಕಾ ನಗರ ಮ್ಯೂಸಿಯಂನಲ್ಲಿ. ಬದಿ 2.3 ಸೆಂ.ಮೀ., ತೂಕ 108 ಗ್ರಾಂ. ಅದಕ್ಕೆ ಬೇರೆ ಅರ್ಧ ದಿನ ಇಡಿ.

ಹೊರಗೆ ಬಂದ ಮೇಲೆ ಮಿಜುಕಿ ಒಡ್ಡನ್ನು ಬಿಡಬೇಡಿ, ಅದೇ ಹೆಸರಿನ ರೈಲು ನಿಲ್ದಾಣವೂ ಹತ್ತಿರದಲ್ಲಿದೆ. 663ರಲ್ಲಿ ಕೊರಿಯಾದ ಬೇಕ್ಜೆ ರಾಜ್ಯದ ಪರ ಹೋದ ಜಪಾನಿನ ಪಡೆ ತಾಂಗ್ ಚೀನಾ ಮತ್ತು ಕೊರಿಯಾದ ಸಿಲ್ಲಾ ರಾಜ್ಯದ ಸೇನೆಗೆ ಸೋತಿತು. ಅವರು ದಂಡೆತ್ತಿ ಬಂದರೆ ತಡೆಯಲೆಂದು ಮರುವರ್ಷವೇ ಕಣಿವೆಗೆ ಅಡ್ಡಲಾಗಿ 1.2 ಕಿ.ಮೀ. ಉದ್ದದ ಮಣ್ಣಿನ ಒಡ್ಡು ಎದ್ದಿತು. ಬುಡ ಸುಮಾರು 80 ಮೀಟರ್ ಅಗಲ, ಸಮುದ್ರದ ಬದಿಯ ಹಕಾತಾ ಕಡೆಗೆ 60 ಮೀಟರ್ ಅಗಲದ ಕಂದಕ. ಕೆಳಗಿನ ಜೌಗು ನೆಲದಲ್ಲಿ ಮಣ್ಣು ಜಾರದಂತೆ ಎಲೆ ಸಮೇತ ರೆಂಬೆಗಳನ್ನು ಪದರ ಪದರವಾಗಿ ಹಾಸಿದ್ದಾರೆ, ಮೇಲೆ ತೆಳು ಪದರಗಳಲ್ಲಿ ಮಣ್ಣು ಬಡಿದು ಗಟ್ಟಿ ಮಾಡಿದ್ದಾರೆ. ಒಳಗಿನ ನೀರು ಮರದ ಕೊಳವೆಗಳಲ್ಲಿ ಒಡ್ಡಿನಡಿ ಹಾದು ಕಂದಕ ತುಂಬುತ್ತಿತ್ತು. ರೆಂಬೆ ಹಾಸುವುದೂ ಮಣ್ಣು ಬಡಿಯುವುದೂ ಸಮುದ್ರದಾಚೆಯ ವಿದ್ಯೆ. 665ರಲ್ಲಿ ಪಕ್ಕದ ಬೆಟ್ಟದ ಮೇಲೆ ಓನೋ ಕೋಟೆ ಕಟ್ಟಿಸಿದವರು ನೆಲೆ ಕಳೆದುಕೊಂಡು ಬಂದ ಬೇಕ್ಜೆಯ ಗಣ್ಯರು. ಒಡ್ಡನ್ನು ರಸ್ತೆ, ರೈಲು ಹಳಿ ಸೀಳಿ ಹೋಗಿರುವ ಕಡೆ ನಿಂತರೆ ಅದರ ಎತ್ತರ ಸರಿಯಾಗಿ ಕಣ್ಣಿಗೆ ಬೀಳುತ್ತದೆ. ದೂರದಿಂದ ಅದು ಬರೀ ಮರಗಳ ಸಾಲು.