ಸೇಬಿನ ಗಿಡಕ್ಕೆ ಕ್ಯಾಲ್ಸಿಯಂ ನೈಟ್ರೇಟ್: ಐದಕ್ಕೆ ಮೂರೂವರೆ ಅಂಕ

ಮಂಡ್ಯ, ಮೈಸೂರಿನ ಗೊಬ್ಬರದಂಗಡಿಗಳಲ್ಲಿ ಟೊಮೆಟೊ ಬೆಳೆಗಾರರಿಗೆಂದು ಇಟ್ಟಿರುವ ಕ್ಯಾಲ್ಸಿಯಂ ನೈಟ್ರೇಟ್, ಸೆಕೆಯ ಊರಿಗೂ ಒಗ್ಗುವ ಅನ್ನಾ ಅಥವಾ ಡಾರ್ಸೆಟ್ ಗೋಲ್ಡನ್ ತಳಿಯ ಸೇಬು ಹಾಕಿದವರಿಗೂ ಬೇಕಾದ ಮಾಲೇ. ಚೀಲದ ಮೇಲೆ ಸಾರಜನಕ ಶೇ 15.5, ಕ್ಯಾಲ್ಸಿಯಂ ಶೇ 18.8 ಎಂದಿದೆಯೇ ನೋಡಿಕೊಳ್ಳಿ.

ಇದು ಕೆಲಸ ಮಾಡುವುದು ಬಿಟರ್ ಪಿಟ್ ಮೇಲೆ, ಅಂದರೆ ಕಾಯಿಗೆ ಕ್ಯಾಲ್ಸಿಯಂ ಸಾಲದೆ ಬೀಳುವ ಕಹಿ ಗುಳಿಯ ಮೇಲೆ. ಹಣ್ಣಿನ ತೊಟ್ಟಿಗೆ ಎದುರಿನ ತುದಿಯಲ್ಲಿ 2ರಿಂದ 5 ಮಿಲಿಮೀಟರ್‌ನ ಕಂದು ಗುಳಿಗಳು. ಸಿಪ್ಪೆ ಹೆರೆದರೆ ಕೆಳಗೆ ಒಣ ಬೆಂಡಿನಂಥ ತಿರುಳು, ಬಾಯಿಗಿಟ್ಟರೆ ಕಹಿ. ಬೆಂಡು ಒಳಗೆ ಬೀಜದ ಗೂಡಿನ ಹತ್ತಿರವೇ ಇದ್ದು, ಕಾಯಿ ಸೊಟ್ಟಗಾಗಿ ಬಿರಿದಿದ್ದರೆ ಬೋರಾನ್ ಕೊರತೆಯ ಅನುಮಾನ. ಅದಕ್ಕೆ ಹೂ ಅರಳುವ ಮುಂಚೆ ಲೀಟರಿಗೆ 1 ಗ್ರಾಂ ಬೋರಿಕ್ ಆಸಿಡ್, ಅದಕ್ಕಿಂತ ಜಾಸ್ತಿ ಬೇಡ. ಈ ಚೀಲ ಅಲ್ಲಿ ಉಪಯೋಗಕ್ಕಿಲ್ಲ.

ಬಹಳ ಜನ ಇದನ್ನು ಡ್ರಿಪ್‌ನಲ್ಲಿ ಬಿಟ್ಟು ಸುಮ್ಮನಾಗುತ್ತಾರೆ. ಸಾಲದು. ಕ್ಯಾಲ್ಸಿಯಂ ನೀರಿನ ಜೊತೆಗೇ ಮೇಲೇರುತ್ತೆ, ಎಲೆ ಹೆಚ್ಚು ನೀರು ಆವಿ ಮಾಡುವುದರಿಂದ ಬಹುಪಾಲು ಅಲ್ಲಿಗೇ ಹೋಗುತ್ತೆ. ಎಲೆ ಸೇರಿದ್ದು ಕಾಯಿಗೆ ವಾಪಸ್ ಬರೋದಿಲ್ಲ. ಹಾಗಾಗಿ ಸಿಂಪಡಿಸಿದ ದ್ರಾವಣ ಕಾಯಿಯ ಮೈಮೇಲೇ ಬೀಳಬೇಕು. ಕಾಯಿ ಕಚ್ಚಿದ ಮೂರ್ನಾಲ್ಕು ವಾರಕ್ಕೆ ಶುರು ಮಾಡಿ, 12–15 ದಿನಕ್ಕೊಮ್ಮೆ, ನಾಲ್ಕೈದು ಸಲ. ಲೀಟರಿಗೆ 5 ಗ್ರಾಂ, ಅಂದರೆ 16 ಲೀಟರ್ ಸ್ಪ್ರೇಯರ್‌ಗೆ 80 ಗ್ರಾಂ.

ಹರಳು ಸುರಿದು ಕಲಕಿದರೆ ಬಕೆಟ್ ಕೈಗೆ ತಣ್ಣಗೆ ತಾಗುತ್ತೆ. ಅದು ಕರಗುವ ಗುಣ, ಕಲಬೆರಕೆ ಅಲ್ಲ. ಮೇಲೆ ಜಿಡ್ಡು ತೇಲಿದರೆ ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ನಾಜಲ್ ಕಟ್ಟುತ್ತೆ. ಮೆಗ್ನೀಷಿಯಂ ಸಲ್ಫೇಟ್, 0-52-34 (ರಂಜಕ, ಪೊಟ್ಯಾಷ್ ಇರುವ ಗೊಬ್ಬರ) ಎರಡನ್ನೂ ಇದೇ ಟ್ಯಾಂಕಿಗೆ ಹಾಕಬೇಡಿ. ಒಂದು ಲೋಟದಲ್ಲಿ ಗಟ್ಟಿಯಾಗಿ ಬೆರೆಸಿ ನೋಡಿ: ನೀರು ಹಾಲಿನಂತೆ ಬೆಳ್ಳಗಾಗಿ ಗಸಿ ಕೂರುತ್ತೆ. ಆ ಗಸಿಯೇ ಗಿಡಕ್ಕೆ ಸಿಗಬೇಕಾಗಿದ್ದ ಕ್ಯಾಲ್ಸಿಯಂ. ನಮ್ಮ ಏಪ್ರಿಲ್ ಬಿಸಿಲಲ್ಲಿ ಹಗಲು ಹೊಡೆದರೆ ಎಲೆಯಂಚು ಸುಡುತ್ತೆ, ಸಂಜೆ ಹೊಡೆಯಿರಿ.

ಒಂದೂವರೆ ಅಂಕ ಕಳೆದದ್ದಕ್ಕೆ ಕಾರಣ ಸಾರಜನಕ. ಕೊಯ್ಲು ಹತ್ತಿರವಾದಾಗ ಅದು ಚಿಗುರು ತಳ್ಳಿ ಹಣ್ಣಿನ ಬಣ್ಣ ಕೆಡಿಸುತ್ತೆ. ಕೊನೆಯ ಎರಡು ಸಿಂಪಡಣೆಗೆ ಇದರ ಬದಲು ಕ್ಯಾಲ್ಸಿಯಂ ಕ್ಲೋರೈಡ್ ಒಳ್ಳೆಯದು, ಲೀಟರಿಗೆ 5 ಗ್ರಾಂ. ಬುಡಕ್ಕೆ ಒಲೆ ಬೂದಿ, ಕೋಳಿ ಗೊಬ್ಬರ ಸುರಿಯುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ: ಬೂದಿಯ ಪೊಟ್ಯಾಷ್ ಕ್ಯಾಲ್ಸಿಯಂ ಜೊತೆ ಪೈಪೋಟಿಗಿಳಿಯುತ್ತೆ, ಕೋಳಿ ಗೊಬ್ಬರ ಕಾಯಿಯನ್ನು ಊದಿಸುತ್ತೆ. ಗುಳಿ ಬೀಳುವುದು ದಪ್ಪ ಕಾಯಿಗೇ ಹೆಚ್ಚು. ನಾಲೆ ನೀರು ಬಂದಾಗ ಕೆರೆಯಂತೆ ತುಂಬಿಸಿ ಆಮೇಲೆ ಒಣಗಿಸುವುದೂ ಇದೇ ಫಲ ಕೊಡುತ್ತೆ.

ಹತ್ತಿಪ್ಪತ್ತು ಗಿಡ ಇರುವವರು 25 ಕೆಜಿ ಚೀಲ ತರಬೇಡಿ. ಬಾಯಿ ಬಿಚ್ಚಿದ ಚೀಲ ಮಳೆಗಾಲದ ಗಾಳಿಗೆ ನೀರು ಹೀರಿ ಮುದ್ದೆಯಾಗುತ್ತೆ. 1 ಕೆಜಿ ಪ್ಯಾಕೆಟ್ ತಂದು, ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.