ಪಾಂಡವಪುರ ಕಡೆಯ ಒಂದು ಹಳ್ಳಿ ಗ್ರಂಥಾಲಯ: ಮಕ್ಕಳ ವಿಭಾಗ ಹೇಗಿದೆ?

ಇರುವುದು ಒಂದೇ ಕೋಣೆ. ಪಾಂಡವಪುರ ತಾಲ್ಲೂಕಿನ ಈ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಬೆಳಿಗ್ಗೆ ನೋಡಿದವರಿಗೆ ಪೇಪರ್ ಓದುವ ಹಿರಿಯರು ಮಾತ್ರ ಕಂಡಾರು. ಮಕ್ಕಳನ್ನು ಕರೆದೊಯ್ಯುವವರು ಸಂಜೆ ನಾಲ್ಕೂವರೆಗೆ, ಸ್ಕೂಲು ಬಿಟ್ಟ ಹೊತ್ತಿಗೆ ಹೋಗಿ. ಮೇಲ್ವಿಚಾರಕಿಯ ಕೈಚಳಕ ಕಾಣುವುದು ಆಗಲೇ.

ಮಗು ಬಂದ ಕೂಡಲೇ ಅವರು ಪುಸ್ತಕ ಕೈಗಿಡುವುದಿಲ್ಲ, ಸುಮ್ಮನೆ ಕಪಾಟಿನ ಮುಂದೆ ಬಿಡುತ್ತಾರೆ. ಮಕ್ಕಳ ಪುಸ್ತಕವೆಲ್ಲ ನೆಲದಿಂದ ಮೂರೂವರೆ ಅಡಿಯೊಳಗೆ, ಮುಖಪುಟ ಕಾಣುವಂತೆ ಇವೆ. ಹದಿನಾರು, ಇಪ್ಪತ್ತನಾಲ್ಕು ಪುಟದ ಚಿತ್ರಪುಸ್ತಕಕ್ಕೆ ಬೆನ್ನೇ ಇರುವುದಿಲ್ಲವಲ್ಲ, ಸಾಲಾಗಿ ನಿಲ್ಲಿಸಿಟ್ಟರೆ ಅದು ಇದೆ ಅಂತಲೇ ಗೊತ್ತಾಗದು. ಕಪಾಟಿನಲ್ಲಿ ಹಿಡಿಸದ್ದನ್ನು ನೈಲಾನ್ ಹಗ್ಗದ ಮೇಲೆ, ನಡುಪುಟಕ್ಕೆ ಸರಿಯಾಗಿ ಕವುಚಿ ಹಾಕಿದ್ದಾರೆ. ಒಂದೇ ಹಾಳೆಗೆ ಕ್ಲಿಪ್ಪು ಹಾಕಿ ನೇತುಬಿಟ್ಟರೆ ನಡುವಿನ ಸ್ಟೇಪ್ಲರ್ ಪಿನ್ನಿನ ಹತ್ತಿರ ಹರಿಯುತ್ತದೆ.

ಆಮೇಲೆ ಐದು ಬೆರಳಿನ ಲೆಕ್ಕ. ನಡುವಿನ ಯಾವುದಾದರೂ ಪುಟ ತೆಗೆದು ಮಗು ಗಟ್ಟಿಯಾಗಿ ಓದಬೇಕು, ತಡೆದ ಪ್ರತಿ ಪದಕ್ಕೆ ಒಂದು ಬೆರಳು ಮಡಿಸಬೇಕು. ಎರಡು ಮೂರಾದರೆ ಪುಸ್ತಕ ಸರಿಹೊಂದಿತು, ಐದೂ ಮಡಿಸಿದರೆ ಸದ್ಯಕ್ಕೆ ಬೇಡ. ಬೇರೆ ಕಡೆಯೂ ಇದನ್ನು ಮಾಡುತ್ತಾರೆ, ಆದರೆ ಕನ್ನಡಕ್ಕೆ ಹಾಗೇ ಹೊಂದುವುದಿಲ್ಲ ಎನ್ನುವುದನ್ನು ಇವರು ಕಂಡುಕೊಂಡಿದ್ದಾರೆ. ‘ರಾಷ್ಟ್ರ’, ‘ಶಾಸ್ತ್ರ’ ಅನ್ನುವಲ್ಲಿ ಮಗು ತಡವರಿಸುವುದು ಅರ್ಥ ಗೊತ್ತಿಲ್ಲದೆ ಅಲ್ಲ, ಒತ್ತಕ್ಷರ ಬಿಡಿಸಲಾರದೆ. ಅದನ್ನು ನೋಡಿ ಒಂಬತ್ತು ವರ್ಷದವನಿಗೆ ಅಂಗನವಾಡಿ ಮಟ್ಟದ ಕಥೆ ಕೊಟ್ಟರೆ ಅವನು ಮತ್ತೆ ಬರುವುದಿಲ್ಲ. ಹಾಗಾಗಿ ಒತ್ತಕ್ಷರದ ತಡೆಯನ್ನು ಬೇರೆಯಾಗಿ ಎಣಿಸಿ, ಮೊದಲ ಎರಡು ಪುಟ ತಾವೇ ಜೊತೆಗೆ ಕೂತು ಓದಿ ಕಳಿಸುತ್ತಾರೆ.

ಮೇಜಿನ ಮೇಲೊಂದು ಉದ್ದನೆಯ ನೋಟ್‌ಬುಕ್ಕಿದೆ, ಮಗುವಿಗೊಂದು ಪುಟ. ತಾರೀಖು, ಪುಸ್ತಕದ ಹೆಸರು, ಪಕ್ಕದಲ್ಲಿ ಮಗುವಿನ ಬಾಯಿಂದ ಬಂದ ಮಾತು: ‘ಆನೆ ವಾಪಸ್ ಬರ್ಬೇಕಿತ್ತು’, ‘ಅಕ್ಷರ ಸಣ್ಣ’. ವಾಪಸ್ ತಂದಾಗ ಕಥೆಯ ನೀತಿ ಏನು ಅಂತ ಕೇಳುವುದೇ ಇಲ್ಲ. ‘ಎಲ್ಲಿ ನಿಲ್ಲಿಸ್ದೆ?’ ಅಂತ ಕೇಳುತ್ತಾರೆ. ಮುಂದಿನ ಪುಸ್ತಕ ಯಾವುದೆಂದು ಹೇಳುವುದು ಆ ಉತ್ತರವೇ. ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದಿಟ್ಟ ‘ಪ್ರತಿ ಓದುಗನಿಗೂ ಅವನ ಪುಸ್ತಕ’ ಎಂಬ ಸೂತ್ರ ಕಂಪ್ಯೂಟರಿಲ್ಲದೆ ನಡೆಯುವುದು ಹೀಗೆ.

ಸದಸ್ಯತ್ವಕ್ಕೆ ದುಡ್ಡಿಲ್ಲ. ರಾಜ್ಯ ಸರ್ಕಾರ 2020ರ ನವೆಂಬರಿನಲ್ಲಿ ಶುರುಮಾಡಿದ ‘ಓದುವ ಬೆಳಕು’ ಕಾರ್ಯಕ್ರಮದಿಂದ 6ರಿಂದ 18 ವರ್ಷದವರಿಗೆ ಉಚಿತ.

ಕೊರತೆ ಇದೆ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಒಂದಿಡೀ ಗೋಡೆ ಹಿಡಿದಿವೆ. ಹತ್ತರಿಂದ ಹದಿಮೂರು ವರ್ಷದವರಿಗೆ ಬೇಕಾದ, ಅಧ್ಯಾಯ ಅಧ್ಯಾಯವಾಗಿ ಸಾಗುವ ಕಥೆಗಳು ತೀರಾ ಕಡಿಮೆ. ಓದು ಕೈಬಿಟ್ಟುಹೋಗುವ ವಯಸ್ಸೂ ಅದೇ, ಮೊದಲು ತುಂಬಬೇಕಾದ ಖಾನೆ ಅದು. ಮಳೆಗಾಲದಲ್ಲಿ ಪಿನ್ನು ತುಕ್ಕು ಹಿಡಿದು ನಡುಪುಟ ಉದುರುತ್ತದೆ. ಅದಕ್ಕೆ ಸೆಲೋಟೇಪ್ ಹಚ್ಚಿರುವುದು ತಪ್ಪು: ಕಾಲ ಕಳೆದಂತೆ ಹಳದಿಯಾಗಿ ಅಂಟು ಒಸರಿ ಪಕ್ಕದ ಪುಟವನ್ನೂ ಹಿಡಿದುಕೊಳ್ಳುತ್ತದೆ. ಪಿನ್ನು ಕಿತ್ತು, ಅದೇ ತೂತುಗಳಲ್ಲಿ ಎರಡೆಳೆ ದಾರ ಹಾಕಿ ಹೊಲಿದರೆ ಐದು ನಿಮಿಷದ ಕೆಲಸ, ಬಾಳಿಕೆಯೂ ಹೆಚ್ಚು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಎಳೆದರೆ ಗೆದ್ದಲು ಹತ್ತುವುದು ಮೊದಲೇ ಕಾಣುತ್ತದೆ.

ಶನಿವಾರ ಹೋದವರು ಆ ನೋಟ್‌ಬುಕ್ಕಿನ ಹಳೆಯ ಸಂಪುಟ ತೋರಿಸಿ ಅಂತ ಕೇಳಿ ನೋಡಿ. ಎರಡನೇ ಕ್ಲಾಸಿನಲ್ಲಿ ‘ಅಕ್ಷರ ಸಣ್ಣ’ ಅಂದಿದ್ದ ಹುಡುಗಿ ಈಗ ಪಿಯುಸಿಗೆ ದಿನಾ ಬಸ್ಸಿನಲ್ಲಿ ಮಂಡ್ಯಕ್ಕೆ ಹೋಗುತ್ತಾಳೆ. ಅವಳ ಪುಟ ತುಂಬಿ, ಹಿಂದಕ್ಕೆ ಇನ್ನೂ ಮೂರು ಹಾಳೆ ಅಂಟಿಸಿದ್ದಾರೆ. ಕೊನೆಯ ಸಾಲಿನ ತಾರೀಖು ಹೋದ ಶನಿವಾರದ್ದು.