‘ಫುಲ್ ಸ್ಟಾಕ್ ಗಾಡಿ’ ಅಂದದ್ದನ್ನು ನಂಬಿ ನಾನು ಕೆಟ್ಟೆ, ನೀವು ಕೆಡಬೇಡಿ

ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಹುಡುಕುತ್ತಿರುವವರು, ಮುಖ್ಯವಾಗಿ ನಮ್ಮ ಕಾಸರಗೋಡು, ಮಂಜೇಶ್ವರ ಕಡೆಯವರು, ದಯವಿಟ್ಟು ಇದನ್ನು ಪೂರ್ತಿ ಓದಿ. ನಾಚಿಕೆಯಿಂದ ಎರಡು ತಿಂಗಳು ಸುಮ್ಮನಿದ್ದೆ. ಆದರೆ ನಿನ್ನೆ ನನಗೆ ಗಾಡಿ ಮಾರಿದ ಅದೇ ಮನುಷ್ಯ ಇನ್ನೊಂದು ಗಾಡಿ ಮಾರಾಟಕ್ಕೆ ಇಟ್ಟದ್ದು ಕಣ್ಣಿಗೆ ಬಿತ್ತು. ಅದೇ ಮಾತು, ಒಂದಕ್ಷರ ಬದಲಿಲ್ಲ. “ಎಂಜಿನ್ ಫುಲ್ ಸ್ಟಾಕ್, ಒಂದು ಬೋಲ್ಟ್ ಮುಟ್ಟಿಲ್ಲ.” ಅಂದರೆ ಕಂಪನಿ ಕೊಟ್ಟ ಹಾಗೇ ಇದೆ, ಏನೂ ಬದಲಿಸಿಲ್ಲ ಅಂತ. ಅದನ್ನು ಓದಿ ರಾತ್ರಿ ನಿದ್ದೆ ಬರಲಿಲ್ಲ. ಇನ್ನೊಬ್ಬ ಬೀಳುವ ಮೊದಲು ಹೇಳಿಬಿಡುತ್ತೇನೆ.

ನಾನು ತಗೊಂಡದ್ದು 2018ರ ಸ್ವಿಫ್ಟ್ ಡೀಸೆಲ್. ಕೆಎಲ್ 14 ನಂಬರ್. 2020ರಲ್ಲಿ ಮಾರುತಿಯವರು ಡೀಸೆಲ್ ಕಾರು ನಿಲ್ಲಿಸಿದ ಮೇಲೆ ಒಳ್ಳೆ ಗಾಡಿ ಸಿಗುವುದೇ ಕಷ್ಟ ಅಲ್ವಾ, ಕಂಡ ಕೂಡಲೇ ಆಸೆ ಹುಟ್ಟಿತು. ಅಪ್ಪ ಅಡಿಕೆ ಕೊಟ್ಟು ಬಂದ ದುಡ್ಡನ್ನು ಎತ್ತಿ ಕೊಟ್ಟಿದ್ದರು. ಉಪ್ಪಳದ ಹತ್ತಿರ ಹೈವೇ ಬದಿಯಲ್ಲಿ ಗಾಡಿ ತೋರಿಸಿದ. ಕಣ್ಣು ಮುಚ್ಚಿ ತಗೊಂಡೆ ಅಂದುಕೊಳ್ಳಬೇಡಿ. ಸರ್ಕಾರದ ಪರಿವಾಹನ್ ವೆಬ್‌ಸೈಟ್‌ನಲ್ಲಿ ನಂಬರ್ ಹಾಕಿ ನೋಡಿದೆ. ಆರ್‌ಸಿ ಹಿಡಿದುಕೊಂಡು ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ತಾಳೆ ನೋಡಿದೆ. 1248 ಸಿಸಿ, ಎಲ್ಲ ಸರಿ ಇತ್ತು. ಹೊಗೆ ಸರ್ಟಿಫಿಕೇಟ್‌ಗೆ ಇನ್ನೂ ನಾಲ್ಕು ತಿಂಗಳು ಬಾಕಿ ಇತ್ತು. ಬಾನೆಟ್ ಎತ್ತಿದರೆ ಒಳಗೆ ಎಲ್ಲ ಕಂಪನಿಯದ್ದೇ, ಏರ್ ಫಿಲ್ಟರ್ ಡಬ್ಬ ಕೂಡ ಹಾಗೇ ಇತ್ತು. ಇದಕ್ಕಿಂತ ಜಾಸ್ತಿ ನಮ್ಮಂಥವರು ಏನು ನೋಡುತ್ತೇವೆ ಹೇಳಿ.

ಬಂದ್ಯೋಡಿನವರೆಗೆ ಓಡಿಸಿದೆ. ಎರಡನೇ ಗೇರ್‌ನಲ್ಲಿ ಕಾಲು ಒತ್ತಿದ್ದೇ ತಡ ಬೆನ್ನು ಸೀಟಿಗೆ ಅಂಟಿತು. “ಎಳೆತ ಭಾರಿ ಉಂಟಲ್ಲ ಮಾರಾಯ್ರೆ” ಅಂದವನು ನಾನೇ. ಅವನು ನಕ್ಕು “ಟೈಮಿಗೆ ಸರಿಯಾಗಿ ಸರ್ವೀಸ್ ಮಾಡಿಸಿದ್ದೇನೆ ಅಣ್ಣಾ” ಅಂದ. ಆ ನಗು ಈಗಲೂ ಕಣ್ಣ ಮುಂದೆ ಬರುತ್ತದೆ. “ಎಂಜಿನ್‌ಗೆ ಏನಾದರೂ ಮಾಡಿಫೈ ಮಾಡಿಸಿದ್ದೀರಾ?” ಅಂತ ಬಾಯಿ ಬಿಟ್ಟು ಕೇಳಿದ್ದೇನೆ. ಒಂದಲ್ಲ, ಎರಡು ಸಲ. ಭಾವ ಪಕ್ಕದಲ್ಲೇ ನಿಂತಿದ್ದರು. ಎರಡು ಸಲವೂ “ಇಲ್ಲಣ್ಣಾ, ಫುಲ್ ಸ್ಟಾಕ್.”

ಮೂರು ವಾರ ಕಳೆಯಿತು. ಮಡಿಕೇರಿಯಲ್ಲಿ ಸಂಬಂಧಿಕರ ಮನೆ ಒಕ್ಕಲು. ಅಪ್ಪ, ಅಮ್ಮ, ಹೆಂಡತಿ, ಮಗ ಎಲ್ಲರೂ ಗಾಡಿಯಲ್ಲಿ. ಸುಳ್ಯದವರೆಗೆ ಏನೂ ಇಲ್ಲ. ಸಂಪಾಜೆ ದಾಟಿ ಘಾಟಿ ಹತ್ತುವಾಗ ಮೂರನೇ ಗೇರ್‌ನಲ್ಲಿ ಎಂಜಿನ್ ಸದ್ದು ಮಾತ್ರ ಏರುತ್ತಿದೆ, ಗಾಡಿ ಏರುತ್ತಿಲ್ಲ. ಆರ್‌ಪಿಎಂ ಮುಳ್ಳು ಮೂರು ಸಾವಿರ ದಾಟುತ್ತದೆ, ಸ್ಪೀಡ್ ಅಲ್ಲೇ. ಆಮೇಲೆ ಆ ವಾಸನೆ. ಕ್ಲಚ್ ಸುಟ್ಟ ವಾಸನೆ ಗೊತ್ತಿರುವವರಿಗೆ ಗೊತ್ತು. ಬದಿಗೆ ನಿಲ್ಲಿಸಿದೆ. ಹಿಂದೆ ಬರುತ್ತಿದ್ದ ಬೈಕಿನವರೊಬ್ಬರು ನಿಂತು “ಎಂತ ಹೊಗೆ ಮಾರಾಯ್ರೆ ನಿಮ್ಮ ಗಾಡಿದು, ನನಗೆ ರಸ್ತೆಯೇ ಕಾಣ್ಲಿಲ್ಲ” ಅಂದರು. ಅವರ ಬಿಳಿ ಅಂಗಿಯ ಎದೆಯ ಮೇಲೆ ಸಣ್ಣ ಸಣ್ಣ ಕರಿ ಚುಕ್ಕೆ. ನನ್ನ ಗಾಡಿಯ ಮಸಿ. ಅಪ್ಪನ ಎದುರು ತಲೆ ಎತ್ತಲು ಆಗಲಿಲ್ಲ.

ಕುಂಬಳೆಯಲ್ಲಿ ನನಗೆ ಗುರ್ತದ ಮೆಕ್ಯಾನಿಕ್ ಒಬ್ಬರಿದ್ದಾರೆ. ಗಾಡಿ ಅಲ್ಲಿಗೆ ತಂದೆ. ಮೊದಲೇ ಅವರಿಗೆ ತೋರಿಸಬೇಕಿತ್ತು. “ನನಗೇ ಗೊತ್ತಾಗ್ತದೆ” ಅಂತ ಬಿಟ್ಟೆ, ಆ ತಪ್ಪು ನನ್ನದೇ. ಅವರು ಸ್ಕ್ಯಾನರ್ ಹಾಕಿ ನೋಡಿದರು, ಒಂದು ಎರರ್ ಕೂಡ ಇಲ್ಲ. ಆಮೇಲೆ ಇಜಿಆರ್ ಪೈಪಿನ ಜೋಡಣೆ ಹತ್ತಿರ ಬಟ್ಟೆಯಿಂದ ಮಸಿ ಒರೆಸಿ ನನ್ನನ್ನು ಕರೆದರು. ಎರಡು ಫ್ಲೇಂಜ್ ನಡುವೆ ಉಗುರಿನಷ್ಟು ದಪ್ಪದ ತಗಡು, ಅದರ ಅಂಚು ಮಾತ್ರ ಹೊರಗೆ ಹೊಳೆಯುತ್ತಿತ್ತು. ಇಜಿಆರ್ ಅಂದರೆ ಸೈಲೆನ್ಸರ್‌ಗೆ ಹೋಗುವ ಹೊಗೆಯ ಒಂದು ಪಾಲನ್ನು ತಿರುಗಿ ಎಂಜಿನ್‌ಗೆ ಕಳಿಸುವ ದಾರಿ, ನೈಟ್ರೋಜನ್ ಆಕ್ಸೈಡ್ ಕಮ್ಮಿ ಆಗಲು ಕಂಪನಿ ಕೊಟ್ಟದ್ದು. ಆ ದಾರಿಗೆ ತಗಡು ಹಾಕಿ ಮುಚ್ಚಿದ್ದಾರೆ. “ಇದನ್ನು ಮುಚ್ಚಿದರೆ ಎಂಜಿನ್ ಲೈಟ್ ಬರಬೇಕಿತ್ತು. ಬಂದಿಲ್ಲ ಅಂದ್ರೆ ಇಸಿಯು ಒಳಗೇ ಕೈ ಹಾಕಿದ್ದಾರೆ” ಅಂದರು. ಇಸಿಯು ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಆಗ ನನ್ನ ಹೊಟ್ಟೆ ತೊಳಸಿತು.

ಹೊಗೆ ಶುದ್ಧ ಮಾಡುವ ಡಬ್ಬ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಬಿಚ್ಚಿ ಟಾರ್ಚ್ ಹಿಡಿದರು. ಒಳಗೆ ಜೇನುಹುಟ್ಟಿನ ಹಾಗೆ ಸಣ್ಣ ಸಣ್ಣ ಕಣ್ಣು ಇರಬೇಕು. ಏನೂ ಇಲ್ಲ. ಈ ಕಡೆಯಿಂದ ಬಿಟ್ಟ ಬೆಳಕು ಆ ಕಡೆ ನೆಲಕ್ಕೆ ಬಿತ್ತು. ಹೊರಗೆ ಕಂಪನಿ ಡಬ್ಬ, ಒಳಗೆ ಖಾಲಿ. ಆಮೇಲೆ ಮಂಗಳೂರಿನಲ್ಲಿ ಇಸಿಯು ಕೆಲಸ ಮಾಡುವವರ ಹತ್ತಿರ ಒಳಗಿನ ಫೈಲ್, ಇವರ ಭಾಷೆಯಲ್ಲಿ ಮ್ಯಾಪ್, ತೆಗೆಸಿ ಕಂಪನಿ ಫೈಲ್ ಜೊತೆ ಇಟ್ಟು ನೋಡಿಸಿದೆವು. ಡೀಸೆಲ್ ಸುರಿಯುವ ಪ್ರಮಾಣ, ಎಂಜಿನ್‌ಗೆ ಗಾಳಿ ತಳ್ಳುವ ಟರ್ಬೊದ ಪ್ರೆಶರ್, ಟಾರ್ಕ್ ಅಂದರೆ ತಿರುಗಿಸುವ ಬಲದ ಮಿತಿ, ಮೂರನ್ನೂ ಏರಿಸಿಟ್ಟಿದ್ದರು. ಕಂಪನಿ ಕೊಟ್ಟದ್ದು 190 ನ್ಯೂಟನ್ ಮೀಟರ್ ಟಾರ್ಕ್, ಕ್ಲಚ್ ಅದಕ್ಕೆ ತಕ್ಕದ್ದು. ಬಂದ್ಯೋಡಿಗೆ ಹೋಗುವಾಗ ನಾನು ಹೊಗಳಿದ ಎಳೆತ ಇದೇ. ನನ್ನ ಕ್ಲಚ್ ಸುಟ್ಟದ್ದೂ ಇದೇ.

ಗಾಡಿ ಮಾರಿದವನಿಗೆ ಫೋನ್ ಮಾಡಿದೆ. ಇನ್ನು ಅವನ ಉತ್ತರ ಕೇಳಿ.

“ಅಣ್ಣಾ, ನಾನು ಹೇಳಿದ್ದು ಸ್ಟಾಕ್ ಎಂಜಿನ್. ಮ್ಯಾಪ್ ಸ್ಟಾಕ್ ಅಂತ ಯಾವಾಗ ಹೇಳಿದೆ?”

ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ಕೇಳಿದ್ದು ಮಾಡಿಫೈ ಮಾಡಿದ್ದೀರಾ ಅಂತ, ಹೇಳಿದ್ದು ಇಲ್ಲ ಅಂತ, ಈಗ ಮ್ಯಾಪ್ ಬೇರೆ ಎಂಜಿನ್ ಬೇರೆ ಅಂತೆ. ತಗಡಿನ ವಿಷಯ ಎತ್ತಿದೆ. “ಅದು ಎಲ್ಲರೂ ಹಾಕ್ತಾರೆ, ಎಂಜಿನ್ ಕ್ಲೀನ್ ಇರ್ತದೆ, ನಿಮಗೆ ಒಳ್ಳೇದೇ.” ಖಾಲಿ ಡಬ್ಬದ ವಿಷಯ ಕೇಳಿದರೆ “ಅದು ನನ್ನಿಂದ ಮೊದಲಿನ ಓನರ್ ಮಾಡಿದ್ದಿರಬೇಕು.” ಆಮೇಲೆ ಹೇಳಿದ್ದು ಇನ್ನೂ ಉರಿಯಿತು. “ಎಳೆತ ಭಾರಿ ಉಂಟು ಅಂತ ನೀವೇ ಹೇಳಿದ್ದಲ್ವಾ? ಬೇರೆಯವರು ದುಡ್ಡು ಕೊಟ್ಟು ಮಾಡಿಸ್ತಾರೆ, ನಿಮಗೆ ಫ್ರೀ ಸಿಕ್ಕಿದ್ದು.” ಫ್ರೀ ಅಂತೆ. ಕ್ಲಚ್ ಸೆಟ್ಟಿಗೆ, ಕೂಲಿಗೆ ನಾನು 14 ಸಾವಿರ ಕೊಟ್ಟೆ.

ಸಂಜೆ ವಾಟ್ಸಾಪ್‌ನಲ್ಲಿ ಮತ್ತೊಂದು ವಾದ ಕಳಿಸಿದ. ಇದೇ 1248 ಸಿಸಿ ಎಂಜಿನ್ ಮಾರುತಿಯದ್ದೇ ಇನ್ನೊಂದು ಕಾರು ಸಿಯಾಜ್‌ನಲ್ಲಿ 90 ಪಿಎಸ್ ಕೊಡ್ತದೆ, ಸ್ವಿಫ್ಟ್‌ನಲ್ಲಿ 75, ಹಾಗಾದ್ರೆ 90 ಮಾಡಿದ್ರೆ ಅದು ಮಾಡಿಫೈ ಹೇಗೆ ಆಗ್ತದೆ ಅಂತ. ಕೇಳಲು ಸರಿ ಅನಿಸುತ್ತದೆ, ಇದರಲ್ಲೇ ಜನ ಬೀಳುವುದು. ಸಿಯಾಜ್‌ಗೆ ಇರುವ ಟರ್ಬೊವೇ ಬೇರೆ, ವೇಗಕ್ಕೆ ತಕ್ಕ ಹಾಗೆ ಒಳಗಿನ ರೆಕ್ಕೆ ತಿರುಗಿಸುವ ವೇರಿಯಬಲ್ ಜ್ಯಾಮಿತಿಯದ್ದು. ಅಲ್ಲಿ ಟರ್ಬೊ, ಮ್ಯಾಪ್, ಕ್ಲಚ್ ಎಲ್ಲ ಸೇರಿಸಿ ಕಂಪನಿಯೇ 90 ಅಂತ ಕೂರಿಸಿದ್ದು. ಇಲ್ಲಿ ಸ್ವಿಫ್ಟ್‌ನ ಸಣ್ಣ ಟರ್ಬೊ ಬದಲಿಸದೆ, ಅದು ಕೊಡುವ ಗಾಳಿಗೆ ಮೀರಿ ಡೀಸೆಲ್ ಸುರಿಸಿದ್ದಾರೆ, ಅದು ಪೂರ್ತಿ ಉರಿಯದೆ ಮಸಿಯಾಗಿ ಹಿಂದಿನವನ ಅಂಗಿಗೆ ಬಿತ್ತು. ಇದನ್ನು ಬರೆದು ಕಳಿಸಿದೆ. “ಟೈರ್ ಬದಲಿಸಿದ್ರೂ ಮಾಡಿಫೈಡ್ ಅಂತೀರಾ ಅಣ್ಣಾ?” ಅಂತ ಬಂತು. ಮತ್ತೆ ಬ್ಲಾಕ್.

ಹಾಗಾದರೆ ಸ್ಟಾಕ್ ಅಂದರೆ ಏನು? ಇಷ್ಟು ಪೆಟ್ಟು ತಿಂದ ಮೇಲೆ ನನ್ನ ಲೆಕ್ಕ ಹೇಳುತ್ತೇನೆ. ಎಂಜಿನ್ ಬಿಚ್ಚಿ ಕಂಪನಿ ಅಳತೆಯ ಕಂಪನಿ ಪಾರ್ಟ್ ಹಾಕಿ ಕಟ್ಟಿದರೆ ಅದು ರಿಪೇರಿ, ಗಾಡಿ ಸ್ಟಾಕೇ. ಬೋಲ್ಟ್ ಮುಟ್ಟಿದ್ದಾರೋ ಇಲ್ಲವೋ ಅದಲ್ಲ ವಿಷಯ. ಟೈರ್, ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಎಂಜಿನ್ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಎಂಜಿನ್‌ಗೆ ಗಾಳಿ ಹೋಗುವ, ಡೀಸೆಲ್ ಹೋಗುವ, ಹೊಗೆ ಹೊರಬರುವ ದಾರಿಯಲ್ಲಿ ಏನು ಬದಲಿಸಿದರೂ, ಇಸಿಯು ಒಳಗಿನ ಫೈಲ್ ಬದಲಿಸಿದರೂ, ಅದು ಸ್ಟಾಕ್ ಅಲ್ಲ. ಈಗಿನ ಗಾಡಿಗಳಲ್ಲಿ ಎಷ್ಟು ಡೀಸೆಲ್, ಎಷ್ಟು ಪ್ರೆಶರ್ ಅಂತ ಹೇಳುವುದೇ ಆ ಫೈಲ್. ಅದು ಎಂಜಿನ್ ಅಲ್ಲ ಅನ್ನುವವನು ಗೊತ್ತಿದ್ದೇ ಸುಳ್ಳು ಹೇಳುತ್ತಿದ್ದಾನೆ.

ಕಾನೂನಿನ ಭಯ ಬೇರೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ಗಾಡಿ ಕಂಪನಿ ಕೊಟ್ಟ ಹಾಗೇ ಇರಬೇಕು ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದ್ದು ಇದೇ ಕೇರಳದಿಂದ ಹೋದ ಕೇಸಿನಲ್ಲಿ. ಅಕ್ರಮವಾಗಿ ಬದಲಾವಣೆ ಮಾಡಿದ ಓನರ್‌ಗೆ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಮಾಡಿಸಿದವನು ಅವನು. ಆರ್‌ಸಿಯಲ್ಲಿ ಈಗ ಇರುವುದು ನನ್ನ ಹೆಸರು. ನಾಳೆ ಮೋಟಾರು ವಾಹನ ಇಲಾಖೆಯವರು ನಿಲ್ಲಿಸಿದರೆ ಮೊದಲು ಉತ್ತರ ಕೊಡಬೇಕಾದವನು ನಾನು. ಇನ್ಶೂರೆನ್ಸ್‌ನವರಿಗೆ ತಿಳಿಸದೆ ಇಂಥದ್ದು ಇದ್ದರೆ ಕ್ಲೇಮ್‌ಗೂ ಕಲ್ಲು ಬೀಳಬಹುದು.

ನೀವು ತಗೊಳ್ಳುವುದಾದರೆ ಹಳೇ ಹೊಗೆ ಸರ್ಟಿಫಿಕೇಟ್ ನಂಬಬೇಡಿ, ಎದುರಿಗೇ ಹೊಸದಾಗಿ ಟೆಸ್ಟ್ ಮಾಡಿಸಿ. ಬಿಎಸ್ 4 ಡೀಸೆಲ್‌ಗೆ ಹೊಗೆಯ ದಟ್ಟತೆಯ ಮಿತಿ (ಕೆ ವ್ಯಾಲ್ಯೂ) 1.62, ಅದರೊಳಗೆ ಬರಬೇಕು. ನಿಮ್ಮದೇ ಮೆಕ್ಯಾನಿಕ್ ಕರ್ಕೊಂಡು ಹೋಗಿ, ಇಜಿಆರ್ ಜೋಡಣೆ ನೋಡಿಸಿ. “ಇಸಿಯು ಫೈಲ್, ಇಜಿಆರ್, ಕ್ಯಾಟ್ ಎಲ್ಲ ಕಂಪನಿಯದ್ದೇ” ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬರೆಯಲು ಹಿಂದೆ ಮುಂದೆ ನೋಡಿದರೆ ವಾಪಸ್ ಬನ್ನಿ. ನನ್ನ ಹತ್ತಿರ ಬರೆದದ್ದು ಏನೂ ಇಲ್ಲ, ಬಾಯಿ ಮಾತು ಮಾತ್ರ, ಅದಕ್ಕೇ ಅವನಿಗೆ ಅಷ್ಟು ಧೈರ್ಯ.

ಕಂಪನಿ ಫೈಲ್ ತಿರುಗಿ ಹಾಕಿಸಿದ್ದೇನೆ, ತಗಡು ತೆಗೆಸಿದ್ದೇನೆ. ಹೊಗೆ ಕಮ್ಮಿಯಾಗಿದೆ. ಹೊಸ ಕ್ಯಾಟ್‌ಗೆ ದುಡ್ಡು ಹೊಂದಿಸಬೇಕು, ಅಲ್ಲಿಯವರೆಗೆ ಗಾಡಿ ಅಂಗಳದಲ್ಲೇ ನಿಂತಿರುತ್ತದೆ. ಯಾಕೆ ಹೊರಗೆ ತೆಗೆಯುವುದಿಲ್ಲ ಅಂತ ಅಪ್ಪ ದಿನಾ ಕೇಳುತ್ತಾರೆ. ಕ್ಲಚ್ ಹಳೆಯದಾಗಿತ್ತು, ಇನ್ನೊಂದು ಪಾರ್ಟ್ ಬರಬೇಕು ಅಂತಷ್ಟೇ ಹೇಳಿದ್ದೇನೆ.